ಎರಡು ಮಳೆಗಾಲ ಕಂಡ ಎಪಾಕ್ಸಿ ಪ್ರೈಮರ್: ಟ್ರೇಲರ್, ಪಂಪಿನ ಸ್ಟ್ಯಾಂಡ್ ಮತ್ತು ಹಳೆಯ ಪಿಕಪ್

ಕುಂದಾಪುರದ ಕಡೆ, ಸಮುದ್ರದಿಂದ ಎರಡು ಮೈಲಿ ಒಳಗಿರುವ ನಮ್ಮ ತೋಟದಲ್ಲಿ ಕಬ್ಬಿಣವನ್ನು ಯಾರೂ ಬಾಳಿಕೆಯ ವಸ್ತು ಎಂದು ಕರೆಯುವುದಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಒಂದು ಕಡೆ, ಮಳೆ ನಿಂತ ಮೇಲೆ ಮಧ್ಯಾಹ್ನದಿಂದ ಬೀಸುವ ಉಪ್ಪುಗಾಳಿ ಇನ್ನೊಂದು ಕಡೆ. ಇವೆರಡರ ನಡುವೆ ಗೇಟಿನ ಬಿಜಾಗರಿಯಿಂದ ಹಿಡಿದು ಟಿಲ್ಲರಿನ ಟ್ರೇಲರ್‌ವರೆಗೆ ಎಲ್ಲವೂ ಕೆಂಪು ಪುಡಿಯಾಗುತ್ತ ಹೋಗುತ್ತದೆ. ಹಾಗಾಗಿ ಎರಡು ವರ್ಷದ ಹಿಂದೆ, ಪ್ರತಿ ಬೇಸಿಗೆಯಲ್ಲೂ ಬಳಿಯುತ್ತಿದ್ದ ಕೆಂಪು ಆಕ್ಸೈಡ್ ಪ್ರೈಮರನ್ನು (ಮೇಲಿನ ಬಣ್ಣಕ್ಕೆ ಮುಂಚೆ ಲೋಹಕ್ಕೆ ಬಳಿಯುವ ಅಡಿಬಣ್ಣ) ಬಿಟ್ಟು, ಎರಡು ಡಬ್ಬಿಗಳಲ್ಲಿ ಬರುವ ಝಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರನ್ನು ತಂದು ಮೂರು ವಸ್ತುಗಳ ಮೇಲೆ ಪ್ರಯೋಗಿಸಿದೆ. ಎರಡು ಮಳೆಗಾಲ ಕಳೆದ ಮೇಲೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆದಿಲ್ಲ. ಈ ಬಗೆಯ ಪ್ರೈಮರನ್ನು ಹಲವರು ತಯಾರಿಸುತ್ತಾರೆ, ನಾನು ತೂಗಿ ನೋಡುತ್ತಿರುವುದು ಆ ಬಗೆಯನ್ನು.

ಮೊದಲು ಕೆಂಪು ಆಕ್ಸೈಡಿನ ಮಾತು. ಅದರಲ್ಲಿರುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ಸಂಡೂರಿನ ಗಣಿಗಳಿಂದ ಲಾರಿಗಟ್ಟಲೆ ಹೋಗುವ ಹೆಮಟೈಟ್ ಅದಿರಿನಲ್ಲಿರುವುದೂ ಅದೇ. ಒಂದರ್ಥದಲ್ಲಿ ನಾವು ತುಕ್ಕಿನ ದಾಯಾದಿಯನ್ನೇ ತಂದು ತುಕ್ಕಿಗೆ ಅಡ್ಡ ನಿಲ್ಲಿಸುತ್ತಿದ್ದೇವೆ. ಅದು ನೀರಿಗೆ ಒಂದು ಪರದೆಯಷ್ಟೇ. ಪರದೆ ಒಂದು ಕಡೆ ಹರಿದರೆ ಅದರಡಿಯ ಲೋಹವನ್ನು ಕಾಯುವ ಗುಣ ಅದಕ್ಕಿಲ್ಲ. ಹಿಂದೆ ಇದೇ ಬಣ್ಣದಲ್ಲಿ ಬರುತ್ತಿದ್ದ ಸೀಸದ ಪ್ರೈಮರಿಗೆ ಆ ಗುಣ ನಿಜವಾಗಿಯೂ ಇತ್ತು, ಆದರೆ ಅದು ವಿಷ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಅಜ್ಜನ ಕಾಲದ ಗೇಟನ್ನೋ ಕಿಟಕಿಯ ಸರಳನ್ನೋ ಉಜ್ಜುವವರು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿಕೊಂಡು, ಮುಖಕ್ಕೆ ಸರಿಯಾದ ಮಾಸ್ಕ್ ಕಟ್ಟಿಕೊಂಡು ಉಜ್ಜುವುದು ಒಳ್ಳೆಯದು.

ಝಿಂಕ್ ಫಾಸ್ಫೇಟಿನ ಕೆಲಸ ಬೇರೆ ರೀತಿಯದು. ಬಣ್ಣದ ಪದರದೊಳಗೆ ತೇವ ಇಳಿದಾಗ ಅದು ಅತ್ಯಲ್ಪ ಪ್ರಮಾಣದಲ್ಲಿ ಕರಗಿ, ಕಬ್ಬಿಣದ ಮೈಮೇಲೆ ತೆಳುವಾದ ರಕ್ಷಣೆಯ ಪೊರೆಯೊಂದನ್ನು ಕಟ್ಟುತ್ತದೆ. ಎಪಾಕ್ಸಿಯ ಅಂಟು ಆ ಪದರವನ್ನು ಲೋಹಕ್ಕೆ ಬಿಗಿಯಾಗಿ ಹಿಡಿಸುತ್ತದೆ. ಇದಕ್ಕಿಂತಲೂ ಬಲವಾದದ್ದು ಸತುವಿನ (ಝಿಂಕ್) ಪುಡಿಯನ್ನೇ ತುಂಬಿದ ಪ್ರೈಮರ್. ಅಲ್ಲಿ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತು ಕಬ್ಬಿಣವನ್ನು ನೇರವಾಗಿ ಮುಟ್ಟಿದರೆ ಮಾತ್ರ ಅದು ನಡೆಯುವುದರಿಂದ, ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ ಲೋಹವನ್ನು ಬೆಳ್ಳಗೆ ಮಾಡಿಸಬೇಕಾಗುತ್ತದೆ. ಕೈಯಲ್ಲಿ ಗ್ರೈಂಡರ್ ಮತ್ತು ತಂತಿಯ ಬ್ರಷ್ ಬಿಟ್ಟು ಬೇರೇನೂ ಇಲ್ಲದ ನನ್ನಂಥವರಿಗೆ ಅದು ದಂಡ.

ಅಂಗಡಿಯಲ್ಲಿ ಕೆಂಪು ಆಕ್ಸೈಡಿಗೆ ಕೊಡುವುದರ ಎರಡು ಪಟ್ಟಿಗೂ ಮಿಕ್ಕಿ ಹಣ ಕೊಟ್ಟೆ. ಡಬ್ಬಿಗಳನ್ನು ಕಟ್ಟಿಕೊಡುವಾಗ ಅಂಗಡಿಯ ಹಿರಿಯರು, "ಬೆರೆಸಿದ ಮೇಲೆ ಊಟಕ್ಕೆ ಹೋಗ್ಬೇಡಿ ಮಾರಾಯ್ರೆ" ಎಂದರು. ತಮಾಷೆ ಎಂದುಕೊಂಡೆ. ನಾನು ತಂದದ್ದರಲ್ಲಿ ಒಂದು ಡಬ್ಬಿಯ ಬೇಸ್ (ಮೂಲ ಬಣ್ಣ) ಮೂರು ಪಾಲು, ಇನ್ನೊಂದು ಡಬ್ಬಿಯ ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಒಂದು ಪಾಲು ಸೇರಿಸಿ, ಚೆನ್ನಾಗಿ ಕಲಸಿ, ಅರ್ಧ ಗಂಟೆ ಬಿಟ್ಟು ಬಳಿಯಬೇಕಿತ್ತು. ಮೊದಲ ದಿನ ಉತ್ಸಾಹದಲ್ಲಿ ಇಡೀ ಡಬ್ಬಿಯನ್ನು ಬೆರೆಸಿದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಊಟ ಮಾಡಿ, ಸ್ವಲ್ಪ ಅಡ್ಡಾಗಿ ಎದ್ದು ಬರುವಷ್ಟರಲ್ಲಿ ಉಳಿದದ್ದು ದೋಸೆಹಿಟ್ಟಿನಿಂದ ಹಲಸಿನ ಮೇಣದ ಹದಕ್ಕೆ ಬಂದಿತ್ತು, ಬ್ರಷ್ಷು ಅದರೊಳಗೇ ನಿಂತಿತ್ತು. ಹೀಗಾದ ಮೇಲೆ ತಿನ್ನರ್ ಸುರಿದು ತೆಳುವಾಗಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಅದು ಒಣಗುತ್ತಿರುವುದಲ್ಲ, ರಾಸಾಯನಿಕವಾಗಿ ಗಟ್ಟಿಯಾಗುತ್ತಿರುವುದು. ಮರುದಿನದಿಂದ ಚಹಾದ ಲೋಟದಲ್ಲಿ ಅಳೆದು ಅಷ್ಟಷ್ಟೇ ಬೆರೆಸಿಕೊಂಡೆ. ಡಬ್ಬಿಯ ಮೇಲಿನ ಸೂಚನೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿದ್ದು, ಬೆರೆಸುವ ಪ್ರಮಾಣ ಅಳತೆಯಲ್ಲೋ ತೂಕದಲ್ಲೋ ಎಂಬುದನ್ನು ಭೂತಗನ್ನಡಿ ಹಿಡಿದು ಓದಬೇಕಾಯಿತು. ಇಷ್ಟು ಬೆಲೆಯ ವಸ್ತುವಿಗೆ ಕನ್ನಡದಲ್ಲಿ ನಾಲ್ಕು ಸಾಲು ಮುದ್ರಿಸುವುದು ಭಾರವಾಗಬಾರದಿತ್ತು.

ಇನ್ನು ಫಲಿತಾಂಶ. ಟ್ರೇಲರಿನ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿದೆ. ಎದ್ದು ಬಂದ ತುಕ್ಕಿನ ಚಕ್ಕೆಗಳನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿ, ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಲೋಹ ಮಿನುಗುವವರೆಗೆ ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಿನ್ನರಿನ ಬಟ್ಟೆಯಲ್ಲಿ ಒರೆಸಿ ಎರಡು ಕೋಟು ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಕೊಟ್ಟಿದ್ದೆ. ತೊಳೆಯುವುದನ್ನು ಯಾರೂ ಬಿಡಬಾರದು: ತುಕ್ಕಿನ ಗುಳಿಗಳಲ್ಲಿ ಉಳಿದ ಉಪ್ಪು ಬಣ್ಣದಡಿಯಿಂದಲೇ ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಎರಡು ಮಳೆಗಾಲದ ನಂತರ, ಗೊಬ್ಬರ ತುಂಬಿಸುವಾಗ ಹಾರೆ ತಾಗಿ ಗೀರು ಬಿದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿದೆ. ಗೀರಿನುದ್ದಕ್ಕೂ ಕೆಂಪು ಗೆರೆಯೊಂದಿತ್ತು, ಆದರೆ ಅದು ಬಣ್ಣದ ಅಡಿಗೆ ನುಗ್ಗಿರಲಿಲ್ಲ. ಗೀರಿನ ಅಂಚು ಲೋಹಕ್ಕೆ ಅಂಟಿಕೊಂಡೇ ಇತ್ತು. ಕೆಂಪು ಆಕ್ಸೈಡ್ ಇದ್ದಾಗ ಇಂಥ ಗೀರಿನ ಎರಡೂ ಕಡೆ ಬೆರಳಗಲ ಬಣ್ಣ ಹಪ್ಪಳದಂತೆ ಎದ್ದು ಬರುತ್ತಿತ್ತು. ತುಕ್ಕು ಮರಳಿ ಬಂದದ್ದು ಎರಡೇ ಕಡೆ: ಎಲ್ ಆಕಾರದ ಕಬ್ಬಿಣದ ಪಟ್ಟಿಯಾದ ಆಂಗಲ್‌ನ ಚೂಪಾದ ಅಂಚು, ಮತ್ತು ವೆಲ್ಡಿಂಗ್ ಗಂಟುಗಳು. ಅಂಚಿನಲ್ಲಿ ಬಣ್ಣ ತಾನಾಗಿ ಹಿಂದೆ ಸರಿದು ತೆಳುವಾಗುತ್ತದೆ. ಆದ್ದರಿಂದ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಅಂಚು ಮತ್ತು ಗಂಟುಗಳಿಗಷ್ಟೇ ಮೊದಲು ಒಂದು ಕೈ ಬ್ರಷ್ ಹೊಡೆದು, ಆಮೇಲೆ ಇಡೀ ಮೈಗೆ ಬಳಿಯಬೇಕು. ಇದನ್ನು ನಾನು ಮಾಡಿರಲಿಲ್ಲ.

ಔಷಧಿ ಸಿಂಪಡಿಸುವ ಪಂಪಿನ ಸ್ಟ್ಯಾಂಡ್ ಕಠಿಣ ಪರೀಕ್ಷೆ. ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಔಷಧಿ) ಮಾಡುವವರಿಗೆ ಗೊತ್ತಿರುವಂತೆ, ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು. ಮೈಲುತುತ್ತದೊಳಗಿನ ತಾಮ್ರ ಕಬ್ಬಿಣದ ಮೇಲೆ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಮೈಲುತುತ್ತವನ್ನು ಕರಗಿಸುವ ಡ್ರಮ್ಮಿನ ಪಕ್ಕದಲ್ಲೇ ನಿಲ್ಲುವ ಸ್ಟ್ಯಾಂಡಿನ ಕಾಲುಗಳ ಮೇಲೆ ಪ್ರತಿ ಮಳೆಗಾಲದಲ್ಲೂ ನಡೆಯುತ್ತಿದ್ದದ್ದು ಇದೇ. ಎಪಾಕ್ಸಿ ಇದನ್ನು ತಡೆದಿದೆ; ಹಿಂದೆ ಒಂದೇ ವರ್ಷದಲ್ಲಿ ಜರಡಿಯಾಗುತ್ತಿದ್ದ ಕಾಲಿನ ಪಟ್ಟಿಗಳು ಇನ್ನೂ ಗಟ್ಟಿಯಾಗಿವೆ. ಆದರೆ ಸೋಮಾರಿತನದಿಂದ ಸ್ಟ್ಯಾಂಡಿಗೆ ಮೇಲಿನ ಬಣ್ಣ ಕೊಡದೆ ಬಿಟ್ಟಿದ್ದೆ. ಬಿಸಿಲು ಬೀಳುವ ಕಡೆ ಪ್ರೈಮರ್ ಮಂಕಾಗಿ, ಕೈಯಾಡಿಸಿದರೆ ಸೀಮೆಸುಣ್ಣದಂತೆ ಪುಡಿ ಅಂಟುತ್ತದೆ. ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ; ಹೊರಗಿಡುವ ವಸ್ತುವಿಗೆ ಅದರ ಮೇಲೆ ಇನ್ನೊಂದು ಬಣ್ಣ ಬೇಕೇ ಬೇಕು, ಖರ್ಚಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

ಪಿಕಪ್‌ನ ಕಥೆ ಅಷ್ಟು ಸರಳವಲ್ಲ. ಅದರ ಅಡಿಭಾಗಕ್ಕೆ ಹಿಂದೊಮ್ಮೆ ಒಂದು ವರ್ಕ್‌ಶಾಪಿನಲ್ಲಿ ಕಪ್ಪು ರಬ್ಬರಿನಂಥ ಕೋಟಿಂಗ್ ಹೊಡೆಸಿದ್ದೆ. ನೋಡಲು ಹೊಸ ಗಾಡಿಯಂತಿತ್ತು. ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ಉಬ್ಬಿದ ಒಂದು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಸಲೀಸಾಗಿ ಒಳಗೆ ಹೋಯಿತು: ಮಣ್ಣು ಮತ್ತು ತುಕ್ಕನ್ನು ತೆಗೆಯದೆ ಮೇಲಿನಿಂದಲೇ ಹೊಡೆದಿದ್ದರು, ಒಳಗೆ ಸಿಕ್ಕಿಬಿದ್ದ ನೀರು ಒಣಗುವ ದಾರಿಯಿಲ್ಲದೆ ತಗಡನ್ನು ತಿಂದುಹಾಕಿತ್ತು. ಅದನ್ನೆಲ್ಲ ಕೆರೆದು, ತೂತಾದಲ್ಲಿ ತಗಡು ಹಾಕಿಸಿ, ಬ್ರಷ್ ತಲುಪುವ ಕಡೆಗಳಿಗೆ ಇದೇ ಎಪಾಕ್ಸಿ ಬಳಿದೆ. ಚಾಸಿಸ್ಸಿನ ಉದ್ದದ ದೂಲಗಳ ಹೊರಮೈ ಚೆನ್ನಾಗಿ ಉಳಿದಿದೆ. ಬ್ರಷ್ ತಲುಪದ ಸಂದುಗಳಿಗೆ ಟ್ಯಾನಿಕ್ ಆಮ್ಲದ ತುಕ್ಕು ಪರಿವರ್ತಕವನ್ನು ಬಳಸಿದೆ. ಅದು ತುಕ್ಕಿನೊಂದಿಗೆ ಸೇರಿ ಅರ್ಧ ಗಂಟೆಯಲ್ಲಿ ನೀಲಿಗಪ್ಪಾಗುವುದನ್ನು ನೋಡಲು ಚಂದ, ಆದರೆ ತೆಳು ತುಕ್ಕಿನ ಮೇಲೆ ಮಾತ್ರ ನಂಬಬಹುದು. ದಪ್ಪ ಚಕ್ಕೆಯ ಮೇಲ್ಮೈ ಕಪ್ಪಾದರೂ ಅಡಿಯಲ್ಲಿ ಕೆಂಪೇ ಉಳಿದಿರುತ್ತದೆ. ಬಾಗಿಲುಗಳ ಕೆಳಗೆ ನೀರು ಇಳಿದುಹೋಗಲು ಇರುವ ಸಣ್ಣ ತೂತುಗಳನ್ನು ಬಣ್ಣದಿಂದ ಮುಚ್ಚಬಾರದು. ಎಡ ಬಾಗಿಲಲ್ಲಿ ನಾನು ಮುಚ್ಚಿಬಿಟ್ಟಿದ್ದೆ. ಜುಲೈ ತಿಂಗಳಲ್ಲಿ ಬಾಗಿಲು ತೆಗೆದಾಗಲೆಲ್ಲ ಕೊಡದಲ್ಲಿ ನೀರು ಕುಲುಕಿದಂತೆ ಸದ್ದು ಬರುತ್ತಿತ್ತು. ಬ್ರೇಕಿನ ಭಾಗಗಳು, ರಬ್ಬರ್ ಬುಷ್‌ಗಳು, ಗ್ರೀಸ್ ನಿಪ್ಪಲ್‌ಗಳು, ಬ್ಯಾಟರಿಯ ಅರ್ಥ್ ತಂತಿ ಕೂರುವ ಜಾಗ, ಇವುಗಳ ಮೇಲೆ ಯಾವ ಪ್ರೈಮರೂ ಬೀಳದಂತೆ ಟೇಪು ಸುತ್ತಬೇಕು. ಸೈಲೆನ್ಸರಿಗೆ ಇದು ಬೇಡವೇ ಬೇಡ. ಅದಕ್ಕೆ ಶಾಖ ತಾಳುವ ಅಲ್ಯೂಮಿನಿಯಂ ಬಣ್ಣವಿದೆ.

ಇಷ್ಟೆಲ್ಲ ಒದ್ದಾಡುವಾಗ ಕೊಡಚಾದ್ರಿಯ ಮೇಲೆ, ಬಣ್ಣದ ಹಂಗಿಲ್ಲದೆ ಘಟ್ಟದ ಮಳೆಯಲ್ಲಿ ನಿಂತಿರುವ ಹಳೆಯ ಕಬ್ಬಿಣದ ಕಂಬ ನೆನಪಾಗಿ ಹೊಟ್ಟೆಕಿಚ್ಚಾಗುತ್ತದೆ.

ಟ್ರೇಲರ್, ಪಂಪಿನ ಸ್ಟ್ಯಾಂಡ್, ಗೇಟಿನಂಥ ದಪ್ಪ ಕಬ್ಬಿಣಕ್ಕೆ ಈ ಪ್ರೈಮರನ್ನು ನಾನು ಮತ್ತೆ ಕೊಳ್ಳುತ್ತೇನೆ. ಮನೆಯೊಳಗಿನ ಕಪಾಟು, ಕಿಟಕಿಯ ಸರಳುಗಳಿಗೆ ಕೆಂಪು ಆಕ್ಸೈಡೇ ಸಾಕು, ಹೆಚ್ಚು ಹಣ ಹಾಕುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಯಾವುದನ್ನೂ ಬಳಿಯಬೇಡಿ. ಗಾಳಿಯ ತೇವ ಶೇಕಡಾ 85 ದಾಟಿದ ದಿನ ಕಣ್ಣಿಗೆ ಕಾಣದ ಮಂಜಿನ ಪೊರೆ ಲೋಹದ ಮೇಲೆ ಕೂತಿರಬಹುದು. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ, ಬೆಳಗಿನ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ ಕೆಲಸ ಮುಗಿಸುವುದು ಸರಿ. ಈ ಡಿಸೆಂಬರಿನಲ್ಲಿ ಎಡ ಬಾಗಿಲಿನ ಕೆಳಗಂಚನ್ನು ಬಿಚ್ಚಬೇಕಾಗಿದೆ. ಹಾರ್ಡನರ್ ಡಬ್ಬಿಯ ಮುಚ್ಚಳ ಅಂಟಿಕೊಂಡು ತೆರೆಯಲು ಬಾರದಾಗಿರುವುದರಿಂದ ಅದಕ್ಕೆ ಹೊಸ ಜೋಡಿ ಡಬ್ಬಿಗಳನ್ನೇ ತರಬೇಕು.