ತಿರುಪು ಬಿಗಿದರೆ ಜಾರುವ ಅರ್ಧ ಡಿಗ್ರಿ: ಹಳೆಯ ಹಿತ್ತಾಳೆ ಗೋನಿಯೋಮೀಟರ್ ಜೊತೆ ಆರು ವರ್ಷ

ಮೊದಲು ದೂರನ್ನೇ ಹೇಳುತ್ತೇನೆ. ನಡುವಿನ ತಿರುಪನ್ನು ಬಿಗಿಮಾಡುವಾಗ ಅದರ ಜೊತೆಗೇ ತೋಳೂ ಅರ್ಧ ಡಿಗ್ರಿ, ಕೆಲವೊಮ್ಮೆ ಇಡೀ ಒಂದು ಡಿಗ್ರಿ ಜಾರುತ್ತದೆ. ಗೋನಿಯೋಮೀಟರ್ ಎಂದರೆ ಡಿಗ್ರಿ ಗುರುತಿನ ಒಂದು ಅರ್ಧವೃತ್ತ, ಅದರ ನಡುವೆ ತಿರುಪಿನಿಂದ ಸೇರಿದ ಎರಡು ತೋಳು. ಹರಳಿನ ಮುಖಗಳ ನಡುವಿನ ಕೋನ ಅಳೆಯಲೆಂದೇ ಹುಟ್ಟಿದ ಉಪಕರಣಕ್ಕೆ ಇದು ಸಣ್ಣ ದೋಷವಲ್ಲ. ಫ್ರಾನ್ಸಿನ ಸಾಂತ್-ಮರಿ-ಒ-ಮಿನ್ ಊರಿನ ಖನಿಜ ಸಂತೆಯಲ್ಲಿ 180 ಯೂರೋ ಕೊಟ್ಟು ಕೊಂಡೆ. ನನ್ನ ಸಂಬಳಕ್ಕೆ ಅದು ಯೋಚಿಸಿ ಕೊಡಬೇಕಾದ ಹಣ. ಎಲ್ಲ ಭಾಗಗಳೂ ಮೂಲದವೇ ಎಂದು ಮಾರಿದವರು ಹೇಳಿದ್ದರು. ಮನೆಗೆ ತಂದು ಭೂತಗನ್ನಡಿ ಹಿಡಿದರೆ ತಿರುಪು ಹಿತ್ತಾಳೆಯದಲ್ಲ, ಉಕ್ಕಿನದು. ಆ ಬೇಸರ ಇನ್ನೂ ಪೂರ್ತಿ ಹೋಗಿಲ್ಲ.

ನೋಟಕ್ಕೆ ಒಂದೇ ತರಹ ಕಾಣುವ ಕ್ಯಾಲ್ಸೈಟ್, ಡಾಲಮೈಟ್ ಎಂಬ ಎರಡು ಖನಿಜಗಳನ್ನು ಇದರಿಂದ ಗುರುತಿಸಿ ಬೇರ್ಪಡಿಸುವ ಆಸೆಯಿತ್ತು. ಸೀಳುಮುಖಗಳ, ಎಂದರೆ ಹರಳು ಒಡೆದಾಗ ನುಣುಪಾಗಿ ಸೀಳುವ ಮುಖಗಳ, ಕೋನ ಕ್ಯಾಲ್ಸೈಟಿನಲ್ಲಿ 105 ಡಿಗ್ರಿ 5 ಮಿನಿಟು, ಡಾಲಮೈಟಿನಲ್ಲಿ 106 ಡಿಗ್ರಿ 15 ಮಿನಿಟು. ಜಾರುವ ತೋಳಿಗೆ ಈ ವ್ಯತ್ಯಾಸ ದಕ್ಕುವುದಿಲ್ಲ. ಅದಕ್ಕೆ ಇಂಗ್ಲಿಷ್ ವಿಜ್ಞಾನಿ ವೊಲ್ಲಾಸ್ಟನ್ 1809ರಲ್ಲಿ ವಿವರಿಸಿದ, ಮುಖಗಳಿಂದ ಚಿಮ್ಮುವ ಬೆಳಕನ್ನೇ ನಂಬುವ ಗೋನಿಯೋಮೀಟರ್ ಬೇಕು. ಅದರ ಬೆಲೆ ನನ್ನ ಕೈಗೆ ಎಟುಕದು.

ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಇದನ್ನು ಪೆಟ್ಟಿಗೆಯಿಂದ ತೆಗೆಯುತ್ತೇನೆ. ಹರಳನ್ನು ಹತ್ತಿಬಟ್ಟೆಯಿಂದ ಒರೆಸಿ, ಕಿಟಕಿಯ ಎದುರು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತೇನೆ. ತೋಳುಗಳು ಹರಳಿನ ಅಂಚಿಗೆ ಲಂಬವಾಗಿ ಕೂರಬೇಕು. ಓರೆಯಾದರೆ ಲೆಕ್ಕವೇ ತಪ್ಪು. ತೋಳಿಗೂ ಮುಖಕ್ಕೂ ನಡುವೆ ಬೆಳಕಿನ ಒಂದು ಸೀಳು ಕಾಣುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಅದು ದಾರದಂತಾಗಿ, ಕೂದಲಿನಂತಾಗಿ, ಆರಿಹೋಗುತ್ತದೆ. ಅಷ್ಟರಲ್ಲಿ ಹಿತ್ತಾಳೆ ಅಂಗೈಯಷ್ಟೇ ಬೆಚ್ಚಗಾಗಿರುತ್ತದೆ. ಆ ಕ್ಷಣಕ್ಕಾಗಿ ವಾರವಿಡೀ ಕಾಯುತ್ತೇನೆ.

ನನ್ನಲ್ಲಿರುವ ಸ್ಫಟಿಕಶಿಲೆಯ ಹರಳುಗಳಲ್ಲಿ ಒಂದು ಚಪ್ಪಟೆ, ಒಂದು ಸೊಟ್ಟ; ಮುಖಗಳು ಒಂದು ಅಗಲ, ಒಂದು ಕಿರಿದು. ಆದರೆ ಹರಳಿನ ಆರು ಮುಖದ ಕಂಬದಂಥ ಭಾಗದಲ್ಲಿ ಪಕ್ಕಪಕ್ಕದ ಮುಖಗಳ ನಡುವೆ ಯಾವಾಗಲೂ 120 ಡಿಗ್ರಿ. ಕಾರಾಂಜೊ ಎಂಬ ಸಹಾಯಕ, ಫ್ರಾನ್ಸಿನ ಹರಳುಶಾಸ್ತ್ರಜ್ಞ ರೋಮೆ ದ ಲಿಲ್ ಅವರಿಗಾಗಿ ಹರಳುಗಳ ಮಣ್ಣಿನ ಮಾದರಿ ಮಾಡುವಾಗ ಈ ಬಗೆಯ ಉಪಕರಣ ರೂಪಿಸಿದ. ಅದರ ಅಳತೆಗಳ ಬಲದಿಂದಲೇ 1783ರಲ್ಲಿ ರೋಮೆ ದ ಲಿಲ್, ಒಂದೇ ಖನಿಜದ ಹರಳುಗಳಲ್ಲಿ ಅನುರೂಪ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ ಎಂಬ ನಿಯಮವನ್ನು ಮುಂದಿಟ್ಟರು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಆ ನಿಯಮ ನನಗೆ ಅರ್ಥವಾದದ್ದು ಆ ಸೊಟ್ಟ ಹರಳಿನಿಂದ.

ಇನ್ನೊಂದು ಸಂತೋಷ ನಿರೀಕ್ಷಿಸದೇ ಬಂದದ್ದು. ಬಿ.ಎಸ್ಸಿ. ಪ್ರವಾಸದಲ್ಲಿ ಹೊಳೆನರಸೀಪುರದ ಕಡೆ ಆಯ್ದ ಶಿಸ್ಟ್ ಎಂಬ ಪದರಗಲ್ಲಿನಲ್ಲಿ ಕಡಲೆಕಾಳಿನಷ್ಟು ದೊಡ್ಡ, ಗಾರ್ನೆಟ್ ಎಂಬ ಖನಿಜದ ಹರಳು ಹುದುಗಿದೆ. ಕಲ್ಲು ಒಡೆಯಲು ಮನಸ್ಸಿಲ್ಲ. ತೋಳುಗಳ ಉದ್ದದ ಸೀಳಿನಲ್ಲಿ ತುದಿಗಳನ್ನು ಹಿಂದಕ್ಕೆ ಎಳೆದು ಗಿಡ್ಡ ಮಾಡಿದೆ. ಅರ್ಧವೃತ್ತದ ಒಂದು ಪಾಲನ್ನು ಹಿಂದಕ್ಕೆ ಮಡಚಿದೆ. ಇಕ್ಕಟ್ಟಿನಲ್ಲೂ ತೋಳು ಕೂತಿತು: 120ಕ್ಕೆ ತೀರ ಹತ್ತಿರ. ಮಡಚುವ ಆ ಕೀಲು ಇಂಥ ಹರಳಿಗೆಂದೇ ಇರುವುದು.

ಕಳೆದ ಚಳಿಗಾಲ ಗಡಿಯಾರ ದುರಸ್ತಿ ಮಾಡುವವರೊಬ್ಬರು ತಿರುಪಿನಡಿಗೆ ತೆಳುವಾದ, ತಾನು ತಿರುಗದ ಹಿತ್ತಾಳೆ ವಾಷರ್ ಹಾಕಿಕೊಟ್ಟರು. ಜಾರುವುದು ಬಹಳ ಕಡಿಮೆಯಾಗಿದೆ, ನಿಂತಿಲ್ಲ. ನೀವು ಕೊಳ್ಳುವುದಾದರೆ ಜೇಬಿನಲ್ಲಿ ಒಂದು ಸ್ಫಟಿಕಶಿಲೆಯ ಹರಳು ಇಟ್ಟುಕೊಂಡು ಹೋಗಿ. ಹಣ ಕೊಡುವ ಮೊದಲು ತಿರುಪು ಬಿಗಿದು, 120 ಅಲ್ಲೇ ನಿಲ್ಲುತ್ತದೆಯೇ ನೋಡಿ.