ಕೌಚ್ ಟು ಫೈವ್ ಕೆ: ಎರಡು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಓಟದ ಅಭ್ಯಾಸವೇ ಇಲ್ಲದವರನ್ನು ಒಂಬತ್ತು ವಾರಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡುವ ಮಟ್ಟಕ್ಕೆ ತರುವುದಾಗಿ ಹೇಳುವ ‘ಕೌಚ್ ಟು ಫೈವ್ ಕೆ’ ಎಂಬ ತರಬೇತಿ ಕ್ರಮವನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದೇನೆ. ಮೊದಲು ಪೂರ್ತಿಯಾಗಿ ಮುಗಿಸಿದೆ, ಮಳೆಗಾಲದಲ್ಲಿ ಅಭ್ಯಾಸ ತಪ್ಪಿದಾಗ ನಡುವಿನಿಂದ ಮತ್ತೆ ಹಿಡಿದೆ, ಈಗ ನಮ್ಮ ಅತ್ತಿಗೆಯವರ ಜೊತೆಗೆ ಮತ್ತೊಮ್ಮೆ ಮೊದಲಿನಿಂದ ಮಾಡುತ್ತಿದ್ದೇನೆ. ಬ್ಯಾಂಕಿನಲ್ಲಿ ದಿನವಿಡೀ ಕುಳಿತು ಮಾಡುವ ಕೆಲಸ, ನಲವತ್ತು ದಾಟಿದ ವಯಸ್ಸು, ಎತ್ತರಕ್ಕೆ ಮೀರಿದ ತೂಕ, ಎರಡು ಮಹಡಿ ಹತ್ತಿದರೆ ಬರುವ ಏದುಸಿರು, ಇದಿಷ್ಟು ಆರಂಭದಲ್ಲಿ ನನ್ನ ಸ್ಥಿತಿ. ಅಂಥವರಿಗೆ ಈ ಕ್ರಮವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಹೊಸಬರನ್ನು ಅತಿಯಾಗಿ ಓಡದಂತೆ ತಡೆಯುವುದು ಇದರ ದೊಡ್ಡ ಗುಣ. ಒಂಬತ್ತು ವಾರ ಎಂಬ ಗಡುವು ಇದರ ದೊಡ್ಡ ದೋಷ.

ಇದನ್ನು 1996ರಲ್ಲಿ ರೂಪಿಸಿದವರು ಅಮೆರಿಕದ ಜಾಶ್ ಕ್ಲಾರ್ಕ್. ತಮ್ಮ ತಾಯಿಯಂಥ ಹೊಸಬರೂ ಓಟವನ್ನು ಅಂಜದೆ ಆರಂಭಿಸಲಿ ಎಂಬುದು ಅವರ ಉದ್ದೇಶವಾಗಿತ್ತು. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಅದನ್ನು ತನ್ನದಾಗಿಸಿಕೊಂಡು, ಧ್ವನಿಮುದ್ರಿಕೆಗಳ ಮೂಲಕವೂ ಆಮೇಲೆ ಮೊಬೈಲ್ ಆ್ಯಪ್ ಮೂಲಕವೂ ಜನರಿಗೆ ಉಚಿತವಾಗಿ ಒದಗಿಸಿತು. ನಾನು ಅನುಸರಿಸುವುದು ಆ ಆರೋಗ್ಯ ಸೇವೆ ಪ್ರಕಟಿಸಿದ ವೇಳಾಪಟ್ಟಿಯನ್ನೇ. ಅದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲವಾದ್ದರಿಂದ, ಇದೇ ಪಟ್ಟಿಯನ್ನು ತಿಂಗಳ ಚಂದಾಕ್ಕೆ ಮಾರುವ ಆ್ಯಪ್‌ಗಳಿಗೆ ಹಣ ಕಟ್ಟುವ ಮೊದಲು ಓದುಗರು ಯೋಚಿಸುವುದು ಒಳ್ಳೆಯದು.

ಕ್ರಮ ಸರಳವಾಗಿದೆ. ವಾರಕ್ಕೆ ಮೂರು ದಿನ ಓಟ, ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ಪ್ರತಿ ಸಲವೂ ಮೊದಲು ಐದು ನಿಮಿಷ ಬಿರುಸಿನ ನಡಿಗೆ, ಕೊನೆಯಲ್ಲಿ ಐದು ನಿಮಿಷ ನಿಧಾನದ ನಡಿಗೆ. ಮೊದಲ ವಾರದಲ್ಲಿ 60 ಸೆಕೆಂಡು ಓಡಿ 90 ಸೆಕೆಂಡು ನಡೆಯಬೇಕು, ಹೀಗೆ ಇಪ್ಪತ್ತು ನಿಮಿಷ. ಲೆಕ್ಕ ಹಾಕಿದರೆ ಎಂಟು ಸುತ್ತು, ಅಂದರೆ ಒಂದು ದಿನಕ್ಕೆ ನಿಜವಾಗಿ ಓಡುವುದು ಎಂಟೇ ನಿಮಿಷ. ಕಾಗದದ ಮೇಲೆ ಇದು ತೀರಾ ಕಡಿಮೆ ಎನ್ನಿಸುತ್ತದೆ. ಮೊದಲ ದಿನ ಐದಾರು ಸುತ್ತಾದ ಮೇಲೆ ಹಾಗೆ ಅನ್ನಿಸುವುದಿಲ್ಲ. ನಡಿಗೆಯ 90 ಸೆಕೆಂಡುಗಳಲ್ಲಿ ಉಸಿರು ಮುಕ್ಕಾಲು ಪಾಲು ಹತೋಟಿಗೆ ಬರುತ್ತದೆ, ಪೂರ್ತಿಯಾಗಿ ಬರುವಷ್ಟರಲ್ಲಿ ಮುಂದಿನ ಓಟ ಆರಂಭವಾಗುತ್ತದೆ. ಎಂದೂ ಓಡದ ದೇಹಕ್ಕೆ ಬೇಕಾದ ಹದ ಇದೇ ಎಂದು ನನಗೆ ಮನವರಿಕೆಯಾಗಿದೆ.

“ನಡುವೆ ನಡೆದರೆ ಓಟ ಕೆಟ್ಟಂತಾಗುವುದಿಲ್ಲವೇನಮ್ಮ?” ಎಂದು ಅತ್ತಿಗೆಯವರು ಮೊದಲ ದಿನವೇ ಕೇಳಿದರು. ಬಹಳ ಜನರ ಸಂಶಯವೂ ಇದೇ. ನಡಿಗೆ ಇಲ್ಲಿ ಸೋಲಿನ ಗುರುತಲ್ಲ, ಔಷಧದ ಪ್ರಮಾಣದಂತೆ ಅಳೆದು ಕೊಟ್ಟಿರುವ ಭಾಗ. ಅದನ್ನು ಬಿಟ್ಟು ಹುಮ್ಮಸ್ಸಿನಿಂದ ಒಂದೇ ಸಮನೆ ಓಡಿದವರು ಎರಡನೆಯ ವಾರದಲ್ಲೇ ಕಾಲುನೋವಿನಿಂದ ಮನೆಯಲ್ಲಿ ಕುಳಿತದ್ದನ್ನು ನಾನು ನಮ್ಮ ಕಚೇರಿಯಲ್ಲಿಯೇ ಕಂಡಿದ್ದೇನೆ.

ವೇಗದ ವಿಷಯದಲ್ಲಿ ಮಾತ್ರ ಪಟ್ಟಿ ಸಾಕಷ್ಟು ಹೇಳುವುದಿಲ್ಲ. ಹೊಸಬರಿಗೆ ‘ಓಡು’ ಎಂದರೆ ಬಸ್ಸು ಹಿಡಿಯುವ ಓಟವೇ ನೆನಪಿಗೆ ಬರುತ್ತದೆ, ಆ ವೇಗದಲ್ಲಿ ಅರವತ್ತು ಸೆಕೆಂಡು ಕಳೆಯುವುದೂ ಕಷ್ಟ. ಓಡುತ್ತಲೇ ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಮಾತನಾಡಲು ಸಾಧ್ಯವಾಗಬೇಕು ಎಂಬುದು ಸರಿಯಾದ ವೇಗದ ಅಳತೆ. ಎರಡು ಪದಕ್ಕೆ ಉಸಿರು ಕಟ್ಟಿದರೆ ಇನ್ನೂ ನಿಧಾನಿಸಬೇಕು. ನಾನು ಅಭ್ಯಾಸ ಮಾಡುವುದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಅಲ್ಲಿ ಬಿರುಸಾಗಿ ನಡೆಯುವ ಹಿರಿಯರು ಮೊದಲ ತಿಂಗಳೆಲ್ಲ ನನ್ನ ಓಟದ ಸಮಸಮಕ್ಕೆ ಬರುತ್ತಿದ್ದರು, ಮತ್ತು ಆ ವೇಗವೇ ಸರಿಯಾಗಿತ್ತು. ಹೆಜ್ಜೆ ಚಿಕ್ಕದಾಗಿ, ಪಾದ ದೇಹದ ಕೆಳಗೇ ಬೀಳುವಂತೆ, ಸದ್ದಾಗದ ಹಾಗೆ ಇಟ್ಟರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರುವ ದೊಡ್ಡ ಹೆಜ್ಜೆಯನ್ನು ಬಿಡಿಸಲು ಯಾರಾದರೂ ಪಕ್ಕದಲ್ಲಿ ನಿಂತು ನೋಡಿ ಹೇಳಬೇಕಾಗುತ್ತದೆ. ಆ್ಯಪ್‌ಗೆ ನಮ್ಮ ಕಾಲು ಕಾಣುವುದಿಲ್ಲ.

ಗಡುವಿನ ತೊಂದರೆ ಆರಂಭವಾಗುವುದು ಮೂರನೆಯ ವಾರದಿಂದ. ಹೃದಯ ಮತ್ತು ಉಸಿರಾಟ ಹೊಸ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಒಗ್ಗುತ್ತವೆ, ಸ್ನಾಯುರಜ್ಜುಗಳೂ ಮೂಳೆಗಳೂ ಒಗ್ಗಲು ತಿಂಗಳುಗಳು ಬೇಕು. ಉಸಿರು ಸುಧಾರಿಸಿದೆ ಎಂದು ದೇಹ ಸಂಭ್ರಮಿಸುವ ಹೊತ್ತಿಗೆ ಕಣಕಾಲಿನ ಒಳಬದಿಯ ಮೂಳೆಯ ಉದ್ದಕ್ಕೂ ಮಂದವಾದ ನೋವು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಭಾರವಾದ ದೇಹದವರಿಗೆ, ವಯಸ್ಸಾದವರಿಗೆ ಈ ಅಂತರ ಇನ್ನೂ ಹೆಚ್ಚು. ಆದ್ದರಿಂದ ನಾನು ಅತ್ತಿಗೆಯವರಿಗೆ ಹಾಕಿಕೊಟ್ಟಿರುವ ನಿಯಮ ಇಷ್ಟೇ: ಒಂದು ವಾರದ ಮೂರೂ ಓಟಗಳು ಮಾತನಾಡುವಷ್ಟು ಸಲೀಸಾಗಿ ಮುಗಿದು, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನೋವಿಲ್ಲದಿದ್ದರೆ ಮಾತ್ರ ಮುಂದಿನ ವಾರ, ಇಲ್ಲವಾದರೆ ಅದೇ ವಾರ ಮತ್ತೊಮ್ಮೆ. ಈ ಲೆಕ್ಕದಲ್ಲಿ ಒಂಬತ್ತು ವಾರದ ಪಟ್ಟಿ ಹದಿನಾಲ್ಕೋ ಹದಿನಾರೋ ವಾರವಾದರೂ ಅದರಿಂದ ನಷ್ಟವೇನಿಲ್ಲ. ನೋವು ಒಂದೇ ಬಿಂದುವಿನಲ್ಲಿದ್ದು, ಬೆರಳಿಟ್ಟು ತೋರಿಸುವಂತಿದ್ದು, ವಿಶ್ರಾಂತಿಯಲ್ಲೂ ಕಾಡಿದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು.

ಐದನೆಯ ವಾರದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಬಿಟ್ಟುಬಿಡುವ ಮನಸ್ಸಾಗುವುದು ಇಲ್ಲಿಯೇ. ಮೊದಲ ದಿನ ಐದೈದು ನಿಮಿಷದ ಮೂರು ಓಟ, ನಡುವೆ ಮೂರು ನಿಮಿಷದ ನಡಿಗೆ. ಎರಡನೆಯ ದಿನ ಎಂಟು ನಿಮಿಷದ ಎರಡು ಓಟ, ನಡುವೆ ಐದು ನಿಮಿಷದ ನಡಿಗೆ. ಮೂರನೆಯ ದಿನ ಒಮ್ಮೆಲೇ ಇಪ್ಪತ್ತು ನಿಮಿಷ, ನಡಿಗೆಯೇ ಇಲ್ಲ. ಎಂಟರಿಂದ ಇಪ್ಪತ್ತಕ್ಕೆ ಹಾರುವುದನ್ನು ಓದಿದ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಕೂಡಿ ನೋಡಿದರೆ ಎರಡನೆಯ ದಿನ ಓಡುವುದು ಹದಿನಾರು ನಿಮಿಷ, ಮೂರನೆಯ ದಿನ ಇಪ್ಪತ್ತು; ಕಾಲಿಗೆ ಹೆಚ್ಚುವುದು ನಾಲ್ಕೇ ನಿಮಿಷದ ಕೆಲಸ. ವೇಗ ಹತೋಟಿಯಲ್ಲಿದ್ದರೆ ಆ ಓಟ ಮುಗಿಯುತ್ತದೆ ಎಂದು ನನ್ನ ಅನುಭವದಿಂದಲೇ ಹೇಳಬಲ್ಲೆ. ಆರನೆಯ ವಾರದ ಆರಂಭದಲ್ಲಿ ಪಟ್ಟಿ ಮತ್ತೆ ಐದು, ಎಂಟು, ಐದು ನಿಮಿಷಗಳ ತುಂಡು ಓಟಕ್ಕೆ ಇಳಿಯುತ್ತದೆ. ಕಠಿಣವಾದ ದಿನದ ಹಿಂದೆಯೇ ಸುಲಭದ ದಿನ ಇಟ್ಟಿರುವ ಈ ಜಾಣತನವನ್ನು ನಾನು ಮೆಚ್ಚುತ್ತೇನೆ, ಆದರೆ ಇದಕ್ಕೆ ಕಾರಣವನ್ನು ಬಳಕೆದಾರರಿಗೆ ತಿಳಿಸಿ ಹೇಳಿದ್ದರೆ, ಹಿಂದಕ್ಕೆ ಹೋಗುತ್ತಿದ್ದೇವೆಂಬ ಬೇಸರ ಎಷ್ಟೋ ಜನರಿಗೆ ತಪ್ಪುತ್ತಿತ್ತು.

ಹೆಸರಿನಲ್ಲಿರುವ ‘ಫೈವ್ ಕೆ’ ಬಗ್ಗೆ ಎಚ್ಚರಿಕೆ ಬೇಕು. ಒಂಬತ್ತನೆಯ ವಾರದ ಗುರಿ ಮೂವತ್ತು ನಿಮಿಷದ ಓಟ. ಆ ಅವಧಿಯಲ್ಲಿ ಐದು ಕಿಲೋಮೀಟರ್ ಮುಗಿಯಬೇಕಾದರೆ ಒಂದು ಕಿಲೋಮೀಟರಿಗೆ ಆರು ನಿಮಿಷದ ವೇಗ ಬೇಕು. ಮಾತನಾಡುತ್ತಾ ಓಡುವ ಹೊಸಬರ ವೇಗ ಎಂಟು ನಿಮಿಷದ ಆಸುಪಾಸಿನಲ್ಲಿರುತ್ತದೆ, ಅಂದರೆ ಅರ್ಧ ಗಂಟೆಗೆ ಮೂರೂಮುಕ್ಕಾಲು ಕಿಲೋಮೀಟರ್. ನನ್ನ ಮಟ್ಟಿಗೂ ಹೀಗೆಯೇ ಆಯಿತು, ಐದು ಕಿಲೋಮೀಟರ್ ಕೈಗೆ ಬಂದದ್ದು ಮತ್ತೂ ಕೆಲವು ತಿಂಗಳ ಬಳಿಕ. ಹೊಸಬರು ದೂರವನ್ನು ಮರೆತು ನಿಮಿಷವನ್ನಷ್ಟೇ ಎಣಿಸಬೇಕು.

ಪಟ್ಟಿಗೆಂದು ನಾನು ಬಳಸಿದ ಒಂದು ಚಂದಾ ಆ್ಯಪ್ ಮೊಬೈಲಿನ ಪರದೆ ಆರಿದೊಡನೆ ಮೌನವಾಗುತ್ತಿತ್ತು. ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ನಿಲ್ಲಿಸುತ್ತಿತ್ತೆಂದು ಸೆಟ್ಟಿಂಗ್ಸ್ ತಡಕಾಡಿದ ಮೇಲೆ ತಿಳಿಯಿತು. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಇದ್ದದ್ದರಿಂದ ಅತ್ತಿಗೆಯವರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು, ‘ಓಟ 3, ನಡಿಗೆ 1½, ಓಟ 5, ನಡಿಗೆ 2½’ ಎಂದು ಸಾಲು ಹಾಕಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು. ಕೈಗಡಿಯಾರದ ಸ್ಟಾಪ್‌ವಾಚ್ ಮತ್ತು ಆ ಹಾಳೆ ಎರಡೂ ಸೇರಿ ಆ್ಯಪ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತಿವೆ.

ನಮ್ಮ ಊರುಗಳ ಬೀದಿಯನ್ನು ಈ ಪಟ್ಟಿ ಅರಿಯದು, ಅದು ಸಹಜ. ನಸುಕಿನಲ್ಲಿ ಬಡಾವಣೆಯ ರಸ್ತೆಯಲ್ಲಿ ಓಡಿದರೆ ಬೀದಿನಾಯಿಗಳು ಬೆನ್ನಟ್ಟುತ್ತವೆ. ನಾಯಿ ಕಂಡೊಡನೆ ಓಟ ನಿಲ್ಲಿಸಿ ನಡೆಯಬೇಕು, ಕಣ್ಣಿಗೆ ಕಣ್ಣು ಕೊಡಬಾರದು. ಕೆರೆ, ಉದ್ಯಾನ, ಕಾಲೇಜು ಮೈದಾನದ ಮಣ್ಣುಹಾದಿ ಕಾಲಿಗೆ ಕಾಂಕ್ರೀಟಿಗಿಂತ ಮೆದು, ಆದರೆ ಬೇರು ಮೇಲೆದ್ದ ಕಡೆ ನೆಲ ನೋಡಿ ಓಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಮುಗಿಸುವುದು ಕ್ಷೇಮ. ಚೂಡಿದಾರದಲ್ಲಿ ಓಡಲು ಅಡ್ಡಿಯಿಲ್ಲ, ದುಪಟ್ಟಾವನ್ನು ಮಾತ್ರ ಮನೆಯಲ್ಲಿ ಬಿಡಬೇಕು. ಮಹಿಳೆಯರು ಶೂಗಿಂತ ಮೊದಲು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಳ್ಳಲಿ ಎಂಬುದು ನನ್ನ ಒತ್ತಾಯದ ಸಲಹೆ. ಶೂ ವಿಷಯದಲ್ಲಿ, ಅಂಗಡಿಗೆ ಸಂಜೆ ಹೋಗಿ, ದಿನವಿಡೀ ಊದಿದ ಪಾದಕ್ಕೆ ಹಾಕಿ ನೋಡಿ, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರುವುದನ್ನು ಆರಿಸಿದರೆ ಸಾಕು, ದುಬಾರಿಯದೇ ಆಗಬೇಕೆಂದಿಲ್ಲ.

ತೂಕ ಇಳಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋಗ್ರಾಂಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಎಪ್ಪತ್ತು ಕಿಲೋ ತೂಕದವರು ಐದು ಕಿಲೋಮೀಟರ್ ಓಡಿದರೆ ಸುಮಾರು 350. ಹೋಟೆಲಿನ ಒಂದು ಮಸಾಲೆದೋಸೆ ಅದನ್ನು ತಿರುಗಿ ತುಂಬಿಬಿಡುತ್ತದೆ. ನನ್ನ ತೂಕ ಇಳಿದದ್ದು ಸ್ವಲ್ಪವೇ. ಹೆಚ್ಚು ಬದಲಾದದ್ದು ನಿದ್ರೆ, ಮೆಟ್ಟಿಲು ಹತ್ತುವಾಗಿನ ಉಸಿರು, ಮತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಕೌಂಟರಿನಲ್ಲಿ ಕವಿಯುತ್ತಿದ್ದ ಆಯಾಸ. ಇವುಗಳಿಗಾಗಿಯೇ ನಾನು ಇಂದಿಗೂ ಓಡುತ್ತಿದ್ದೇನೆ.

ರಕ್ತದೊತ್ತಡ, ಹೃದಯದ ತೊಂದರೆ ಇರುವವರು, ನಡೆದಾಗ ಎದೆ ಹಿಡಿದಂತಾಗುವವರು ವೈದ್ಯರನ್ನು ಕಾಣದೆ ಮೊದಲ ವಾರವನ್ನೂ ಆರಂಭಿಸಬಾರದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಓಟದಿಂದ ಸಕ್ಕರೆ ಅಂಶ ಕುಸಿಯಬಹುದು, ಅವರು ಪ್ರಮಾಣವನ್ನು ಮೊದಲೇ ಕೇಳಿ ತಿಳಿದು, ಜೇಬಿನಲ್ಲಿ ಸ್ವಲ್ಪ ಗ್ಲೂಕೋಸ್ ಇಟ್ಟುಕೊಂಡೇ ಹೊರಡಬೇಕು. ಇಪ್ಪತ್ತು ನಿಮಿಷದ ಬಿರುನಡಿಗೆಯೇ ಭಾರವೆನ್ನಿಸುವವರು ಒಂದೆರಡು ತಿಂಗಳು ಬರೀ ನಡೆದು ಆಮೇಲೆ ಈ ಪಟ್ಟಿಗೆ ಬರಲಿ.

ಒಂಬತ್ತನೆಯ ವಾರ ಮುಗಿದ ಮೇಲೆ ಏನು ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ಬ್ರಿಟನ್ನಿನಲ್ಲಾದರೆ ಶನಿವಾರ ಬೆಳಿಗ್ಗೆ ಊರೂರಿನ ಉದ್ಯಾನಗಳಲ್ಲಿ ಪಾರ್ಕ್‌ರನ್ ಎಂಬ ಉಚಿತ ಐದು ಕಿಲೋಮೀಟರ್ ಓಟವಿರುತ್ತದೆ, ಪಟ್ಟಿ ಮುಗಿಸಿದವರು ನೇರವಾಗಿ ಅಲ್ಲಿಗೆ ಹೋಗುತ್ತಾರೆ. ನನಗೆ ಅಂಥ ಅನುಕೂಲವಿರಲಿಲ್ಲ, ಹಾಗಾಗಿ ವಾರದ ಎರಡು ಓಟಗಳನ್ನು ಮೂವತ್ತು ನಿಮಿಷಕ್ಕೇ ನಿಲ್ಲಿಸಿ, ಭಾನುವಾರದ ಓಟವನ್ನು ಮಾತ್ರ ಎರಡು ವಾರಕ್ಕೊಮ್ಮೆ ಎರಡೆರಡು ನಿಮಿಷದಂತೆ ಹೆಚ್ಚಿಸುತ್ತಾ ಹೋದೆ, ಜೊತೆಗೆ ಬಿಡುವಿನ ದಿನಗಳಲ್ಲಿ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಸೇರಿಸಿಕೊಂಡೆ. ಓಟ ತಪ್ಪಿ ಎರಡು ವಾರಕ್ಕಿಂತ ಹೆಚ್ಚಾದರೆ ನಾಲ್ಕನೆಯ ವಾರದ ಪಾಠಕ್ಕೆ ಮರಳುತ್ತೇನೆ, ಅಲ್ಲಿಂದ ಹಿಂದಿನ ಮಟ್ಟಕ್ಕೆ ಏರಲು ಮೊದಲ ಸಲದಷ್ಟು ಕಾಲ ಹಿಡಿಯುವುದಿಲ್ಲ.