ಒಂದು ಫೋನು, 38 ರಟ್ಟಿನ ಕಾರ್ಡು: ಪ್ಲಿಕರ್ಸ್ ಜೊತೆ ನಾಲ್ಕು ವರ್ಷ

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ಮಕ್ಕಳು ಕಾರ್ಡು ಎತ್ತಿ ಉತ್ತರಿಸುವ ಪ್ಲಿಕರ್ಸ್ ಎಂಬ ಆ್ಯಪ್ ಬಳಸಲು ಶುರುಮಾಡಿ ನಾಲ್ಕು ಶೈಕ್ಷಣಿಕ ವರ್ಷ ತುಂಬಿದೆ. ಈ ಅವಧಿಯಲ್ಲಿ ಎಷ್ಟೋ ಆ್ಯಪ್ ಹಾಕಿಕೊಂಡೆ, ಅಷ್ಟೇ ಬೇಗ ತೆಗೆದೆ. ವಾರಕ್ಕೆ ಎರಡು ಸಲವಾದರೂ ಕೈಗೆತ್ತಿಕೊಳ್ಳುವಂತೆ ಉಳಿದುಕೊಂಡದ್ದು ಇದೊಂದೇ. ಹೋದ ವಾರ ಪಕ್ಕದ ಶಾಲೆಯ ಗಣಿತದ ಮೇಡಂ ಫೋನ್ ಮಾಡಿ, "ಅದೇನೋ ಕಾರ್ಡ್ ಎತ್ತಿಸ್ತೀರಂತಲ್ಲ, ನಿಜಕ್ಕೂ ಉಪಯೋಗ ಇದೆಯಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವಾಟ್ಸಾಪ್ ಗುಂಪಿನ ವಿಷಯ ಹೇಳಬೇಕು, ಯಾಕೆಂದರೆ ನಾನು ಇತ್ತ ಬಂದದ್ದೇ ಅದರಿಂದ. 2020ರಲ್ಲಿ ಶಾಲೆ ಮುಚ್ಚಿದಾಗ ಎಲ್ಲರಂತೆ ನಾನೂ ಹತ್ತನೇ ತರಗತಿಗೆ ಒಂದು ಗುಂಪು ಮಾಡಿದೆ. ಹಾಜರಿ ಪುಸ್ತಕದಲ್ಲಿ 41 ಮಕ್ಕಳು, ಗುಂಪಿನಲ್ಲಿ 24 ನಂಬರು. ಆ 24ರಲ್ಲೂ ಅರ್ಧಕ್ಕರ್ಧ ಅಪ್ಪನ ಫೋನು, ಸಂಜೆ ಏಳರ ನಂತರವೇ ಮಗುವಿನ ಕೈಗೆ ಸಿಗುವಂಥದ್ದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಚಂದನ ವಾಹಿನಿಯ ಸೇತುಬಂಧ ಪಾಠಗಳು ಟಿವಿ ಇದ್ದ ಮನೆಯವರಿಗೆ ಸಿಕ್ಕವು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಊರಿನ ಜಗಲಿ, ಭಜನಾ ಮಂದಿರ ಅಂತ ನಾವೇ ಮಕ್ಕಳಿದ್ದಲ್ಲಿಗೆ ಹೋದಾಗ ಒಬ್ಬ ತಾಯಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಮೇಡಂ, ನಮ್ಮನೇಲಿ ಇರೋದೇ ಒಂದು ಫೋನು. ಅವರಪ್ಪ ತೋಟದ ಕೆಲಸಕ್ಕೆ ತಗೊಂಡ್ ಹೋಗ್ತಾರೆ. ಇವ್ಳು ದಿನಾ ಅಳ್ತಾಳೆ, ಮೇಡಂ ನನ್ನ ಮರ್ತೇಬಿಟ್ಟಿದಾರೆ ಅಂತ."

ಶಾಲೆ ತೆರೆದ ಮೇಲೂ ಗುಂಪನ್ನು ಮುಂದುವರಿಸಿದ್ದು ನನ್ನ ತಪ್ಪು. ಮನೆಕೆಲಸ ಅಲ್ಲಿ ಹಾಕಿದರೆ ಫೋನಿಲ್ಲದ ಮಗು ಮರುದಿನ ತಲೆತಗ್ಗಿಸಿ ನಿಲ್ಲುತ್ತಿತ್ತು. ಒಮ್ಮೆ ಕಿರುಪರೀಕ್ಷೆಯ ಅಂಕಪಟ್ಟಿಯ ಫೋಟೊ ತೆಗೆದು ಗುಂಪಿಗೆ ಹಾಕಿಬಿಟ್ಟೆ, ಪಾಲಕರಿಗೆ ಗೊತ್ತಾಗಲಿ ಎಂದು. ಕಡಿಮೆ ಅಂಕ ಬಂದ ಒಬ್ಬ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಇನ್ನೊಂದು ಕಡೆ, ಗುಂಪಿನಲ್ಲಿದ್ದ ಒಬ್ಬ ತಾಯಿಯ ನಂಬರಿಗೆ ಗುರುತಿಲ್ಲದವರಿಂದ ಮೆಸೇಜ್ ಬರತೊಡಗಿತು. ಗುಂಪಿಗೆ ಸೇರಿದವರ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಗುಂಪು ಇಲ್ಲ. ರಜೆ, ಪರೀಕ್ಷೆ, ಸಭೆ, ಇಷ್ಟಕ್ಕೆ ಬ್ರಾಡ್‌ಕಾಸ್ಟ್ ಲಿಸ್ಟ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಪಾಲಕರು ನನ್ನ ನಂಬರನ್ನು ಸೇವ್ ಮಾಡಿಕೊಂಡಿರಬೇಕು, ಅಷ್ಟೇ. ಪಾಠ ಮಾತ್ರ ತರಗತಿಯಲ್ಲಿ, ಎಲ್ಲರೂ ಕೂತಿರುವಾಗ.

ಆದ್ದರಿಂದ 2021ರ ಆಗಸ್ಟ್‌ನಲ್ಲಿ ಮತ್ತೆ ಬಾಗಿಲು ತೆರೆದಾಗ ನಾನು ಹುಡುಕುತ್ತಿದ್ದದ್ದು ಮಕ್ಕಳ ಕೈಯಲ್ಲಿ ಫೋನ್ ಬೇಡದ ಸಾಧನವನ್ನು. ಆ ವರ್ಷದ ಎಸ್‌ಎಸ್‌ಎಲ್‌ಸಿ ಎರಡೇ ದಿನ, ಪೂರ್ತಿ ಬಹುಆಯ್ಕೆ ಪ್ರಶ್ನೆಗಳು, ಒಎಂಆರ್ ಹಾಳೆಯಲ್ಲಿ ನಡೆದಿತ್ತು. ಮುಂದೆಯೂ ಹಾಗೇ ಆದರೆ ಏನು ಗತಿ ಎಂದು ಎಲ್ಲರಿಗೂ ತಲೆಬಿಸಿ. ಬಹುಆಯ್ಕೆ ಪ್ರಶ್ನೆ ಅಭ್ಯಾಸ ಮಾಡಿಸಲು ಏನಿದೆ ಎಂದು ಹುಡುಕುವಾಗ ಪ್ಲಿಕರ್ಸ್ ಸಿಕ್ಕಿತು.

ಗೊತ್ತಿಲ್ಲದವರಿಗೆ: ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಅದರಲ್ಲಿ ಕ್ಯೂಆರ್ ಕೋಡಿನಂಥ ಕಪ್ಪು ಚಿತ್ತಾರ. ನಾಲ್ಕು ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎ, ಬಿ, ಸಿ, ಡಿ. ಉತ್ತರ ಸಿ ಅನ್ನಿಸಿದರೆ ಸಿ ಮೇಲೆ ಬರುವಂತೆ ಕಾರ್ಡು ತಿರುಗಿಸಿ ಎತ್ತಬೇಕು. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ಹಾಯಿಸಿದರೆ ಯಾರು ಯಾವ ಉತ್ತರ ಕೊಟ್ಟರು ಅನ್ನುವುದು ಫೋನಿನಲ್ಲೇ ಬಂದುಬಿಡುತ್ತದೆ. ಪ್ರತಿ ಕಾರ್ಡಿನ ಚಿತ್ತಾರವೂ ಬೇರೆ, ಅಕ್ಷರವೂ ಚಿಕ್ಕದು. ಹಾಗಾಗಿ ಪಕ್ಕದವನ ಕಾರ್ಡು ನೋಡಿ ಕಾಪಿ ಹೊಡೆಯಲು ಆಗುವುದಿಲ್ಲ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು, ದೊಡ್ಡ ತರಗತಿಗೆ 63ರ ಸೆಟ್ಟೂ ಇದೆ. ಪಿಡಿಎಫ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಒಂದು ಊಟದ ದುಡ್ಡೂ ಖರ್ಚಾಗಲಿಲ್ಲ.

ಮೊದಲ ಕೆಲವು ವಾರ ಸರಿಯಾಗಿ ನಡೆಯಲಿಲ್ಲ, ಅದನ್ನೂ ಹೇಳುತ್ತೇನೆ. ಮಳೆಗೆ ಕಾಗದ ಮೆತ್ತಗಾಗಿ ಬಾಗುತ್ತಿತ್ತು, ಬೀರುವಿನಲ್ಲಿಟ್ಟರೆ ಬೂಷ್ಟು. ಲ್ಯಾಮಿನೇಶನ್ ಮಾಡಿಸಿದೆ, ಕಿಟಕಿಯ ಬೆಳಕು ಅದರ ಮೇಲೆ ಹೊಳೆದು ಕ್ಯಾಮೆರಾಕ್ಕೆ ಚಿತ್ತಾರವೇ ಕಾಣದಾಯಿತು. ಕೊನೆಗೆ ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ಹಿಂಬದಿಗೆ ಅಂಟಿಸಿದೆವು. ಹಾಗೆ ಮಾಡಿದ ಕಾರ್ಡುಗಳು ಎರಡು ವರ್ಷ ಬಾಳಿದವು. ಮಕ್ಕಳು ಹೆಬ್ಬೆರಳು ಚಿತ್ತಾರದ ಮೇಲಿಟ್ಟರೆ ಓದುವುದಿಲ್ಲ. "ಅಂಚು ಹಿಡಿ, ಮುಖ ಮುಚ್ಚಬೇಡ" ಅಂತ ಹೇಳಿ ಹೇಳಿ ಅಭ್ಯಾಸವಾಯಿತು. ಮೋಡ ಕವಿದು ಕರೆಂಟೂ ಇಲ್ಲದ ಮಧ್ಯಾಹ್ನ ಹಿಂದಿನ ಬೆಂಚಿನವರ ಕಾರ್ಡು ಸಿಗುವುದಿಲ್ಲ, ನಾನೇ ನಡುವೆ ನಡೆದು ಹೋಗುತ್ತೇನೆ.

ಈಗ ಮುಖ್ಯ ವಿಷಯ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ. ಸರಣಿ ಜೋಡಣೆ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಜೋಡಿಸುವುದು, ಹೇಳಿಯಾಗಿತ್ತು, ಬೋರ್ಡಿನ ಮೇಲೆ ಚಿತ್ರ ಬರೆದಾಗಿತ್ತು. "ಗೊತ್ತಾಯ್ತಾ?" ಅಂದರೆ ಇಡೀ ತರಗತಿ ಒಂದೇ ಸ್ವರದಲ್ಲಿ "ಗೊತ್ತಾಯ್ತು ಮೇಡಂ". ಆಗ ಒಂದು ಪ್ರಶ್ನೆ ಹಾಕಿದೆ: ಸರಣಿಯಲ್ಲಿರುವ ಎರಡು ಒಂದೇ ಥರದ ಬಲ್ಬುಗಳಲ್ಲಿ, ಮೊದಲನೆಯದನ್ನು ದಾಟಿದ ಮೇಲೆ ವಿದ್ಯುತ್ ಪ್ರವಾಹ ಏನಾಗುತ್ತದೆ? ಎ ಹೆಚ್ಚುತ್ತದೆ, ಬಿ ಕಡಿಮೆಯಾಗುತ್ತದೆ, ಸಿ ಅಷ್ಟೇ ಇರುತ್ತದೆ, ಡಿ ಸೊನ್ನೆಯಾಗುತ್ತದೆ. ಕಾರ್ಡು ಎತ್ತಿಸಿದೆ. 38 ಮಕ್ಕಳಲ್ಲಿ 23 ಜನ ಬಿ. ಸಿ ಎತ್ತಿದ್ದು 11.

ಅದನ್ನು ನೋಡಿ ಒಂದು ಕ್ಷಣ ಮಾತು ಹೊರಡಲಿಲ್ಲ. ಹದಿನಾರು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ಬಲ್ಬು ಪ್ರವಾಹವನ್ನು ತಿಂದು ಉರಿಯುತ್ತದೆ, ಮುಂದಿನದಕ್ಕೆ ಉಳಿದದ್ದು ಹೋಗುತ್ತದೆ, ಅಂತ ಅಷ್ಟು ಮಕ್ಕಳು ನಂಬಿಕೊಂಡೇ "ಗೊತ್ತಾಯ್ತು" ಅನ್ನುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಕೈಯೆತ್ತಿಸಿದ್ದರೆ ಮುಂದಿನ ಬೆಂಚಿನ ನಾಲ್ಕು ಜನ ಸರಿ ಹೇಳುತ್ತಿದ್ದರು, ನಾನು ಮುಂದಕ್ಕೆ ಹೋಗಿಬಿಡುತ್ತಿದ್ದೆ.

ಉತ್ತರ ಹೇಳಲಿಲ್ಲ. "ಪಕ್ಕದವರ ಜೊತೆ ಮಾತಾಡಿ, ನಿನ್ನ ಉತ್ತರ ಯಾಕೆ ಸರಿ ಅಂತ ಅವರಿಗೆ ಒಪ್ಪಿಸು" ಅಂದೆ. ಇದು ನನ್ನ ಉಪಾಯವಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ: ಪ್ರಶ್ನೆ, ಒಬ್ಬೊಬ್ಬರದೇ ಉತ್ತರ, ಅಕ್ಕಪಕ್ಕದವರೊಡನೆ ವಾದ, ಮತ್ತೆ ಉತ್ತರ. ಐದು ನಿಮಿಷ ತರಗತಿ ಸಂತೆಯಾಯಿತು. ಒಬ್ಬ ಹುಡುಗ ಪೈಪಿನ ಉದಾಹರಣೆ ಕೊಡುತ್ತಿದ್ದ, ತೋಟಕ್ಕೆ ನೀರು ಬಿಟ್ಟಾಗ ಪೈಪಿನೊಳಗೆ ನೀರು ಎಲ್ಲಿ ಮಾಯವಾಗುತ್ತದೆ ಹೇಳು ಎಂದು. ಎರಡನೇ ಸಲ ಎತ್ತಿಸಿದಾಗ ಸಿ 29.

ಆಮೇಲೆ ಸ್ಮಾರ್ಟ್ ಕ್ಲಾಸ್ ಕೋಣೆಗೆ ಕರೆದುಕೊಂಡು ಹೋಗಿ ಫೆಟ್ ತೋರಿಸಿದೆ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ, 2001ರ ಭೌತಶಾಸ್ತ್ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಉಚಿತ ಸಿಮ್ಯುಲೇಶನ್‌ಗಳು (ಕಂಪ್ಯೂಟರಿನಲ್ಲೇ ಮಾಡಿನೋಡುವ ಪ್ರಯೋಗಗಳು) ಇವು. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ, ನಮ್ಮಂಥ ಕಡೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ವಿದ್ಯುತ್ ಮಂಡಲ ಜೋಡಿಸುವ ಸಿಮ್ಯುಲೇಶನ್‌ನಲ್ಲಿ 9 ವೋಲ್ಟಿನ ಬ್ಯಾಟರಿ, 10 ಓಮಿನ ಬಲ್ಬು. ಒಂದೇ ಬಲ್ಬಿದ್ದಾಗ ಪ್ರವಾಹ ಅಳೆಯುವ ಅಮ್ಮೀಟರ್‌ನಲ್ಲಿ 0.90 ಆಂಪಿಯರ್. ಎರಡನೆಯದನ್ನು ಸರಣಿಯಲ್ಲಿ ಸೇರಿಸಿದಾಗ 0.45. ಬಿ ಎತ್ತಿದ್ದ ಒಬ್ಬಳನ್ನೇ ಕರೆದು ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ನಡುವೆ, ಎರಡನೆಯದರ ಮುಂದೆ ಇಡಿಸಿದೆ. ಮೂರು ಕಡೆಯೂ 0.45. ಅವಳು ಮೌಸ್ ಬಿಡಲಿಲ್ಲ, ಮತ್ತೆ ಮೊದಲಿನ ಜಾಗಕ್ಕೆ ತಂದು ನೋಡಿದಳು. "ಹಂಗಾದ್ರೆ ಬಲ್ಬು ತಿನ್ನೋದು ಏನನ್ನ ಮೇಡಂ?" ಅಂದಳು. ಮರುದಿನದ ಪಾಠ ಅಲ್ಲಿಂದಲೇ ಶುರುವಾಯಿತು, ಶಕ್ತಿಯ ವಿಚಾರ.

ಇನ್ನೊಂದು ಮಾತು. ಹಿಂದಿನ ಬೆಂಚಿನಲ್ಲಿ ಒಬ್ಬಳಿದ್ದಳು, ವರ್ಷದಲ್ಲಿ ಒಂದು ಸಲವೂ ತಾನಾಗಿ ಬಾಯಿ ಬಿಟ್ಟವಳಲ್ಲ. ಮೂರು ತಿಂಗಳ ಕಾರ್ಡಿನ ಲೆಕ್ಕ ತೆಗೆದು ನೋಡಿದರೆ, ತರಗತಿಯಲ್ಲಿ ಅತಿ ಹೆಚ್ಚು ಸರಿ ಉತ್ತರ ಕೊಟ್ಟ ಮೂವರಲ್ಲಿ ಅವಳೊಬ್ಬಳು. ಅವಳ ಬಗ್ಗೆ ನನ್ನ ಮನಸ್ಸಿನಲ್ಲಿ ಇದ್ದ ಅಂದಾಜು ಪೂರ್ತಿ ತಪ್ಪಾಗಿತ್ತು. ಈ ಒಂದು ಕಾರಣಕ್ಕೇ ನಾನು ಪ್ಲಿಕರ್ಸ್‌ಗೆ ಋಣಿ.

ಮಿತಿಗಳು ಇವೆ. ಉಚಿತ ಖಾತೆಯಲ್ಲಿ ಒಂದು ಪ್ರಶ್ನೆ ಸೆಟ್ಟಿಗೆ ಐದೇ ಪ್ರಶ್ನೆ. ನನಗೆ ಸಾಕು, ವಾದ ಮಾಡಿಸಿ ಮತ್ತೆ ಎತ್ತಿಸುವುದಾದರೆ ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಎರಡು ಪ್ರಶ್ನೆ ಮುಗಿದರೆ ಹೆಚ್ಚು. ಘಟಕ ಪರೀಕ್ಷೆಯನ್ನೇ ಇದರಲ್ಲಿ ಮಾಡುತ್ತೇನೆ ಎನ್ನುವವರಿಗೆ ಹಣ ಕಟ್ಟುವ ಯೋಜನೆ ಬೇಕಾಗುತ್ತದೆ. ಆ್ಯಪ್ ಇಂಗ್ಲಿಷಿನಲ್ಲಿದೆ, ಆದರೆ ಪ್ರಶ್ನೆಯನ್ನು ಕನ್ನಡದಲ್ಲಿ ಟೈಪ್ ಮಾಡಬಹುದು, ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ. ಶಿಕ್ಷಕರ ಫೋನಿಗೆ ನೆಟ್ ಬೇಕು. ಪ್ರೊಜೆಕ್ಟರ್ ಬೇಕೇಬೇಕು ಅಂತಿಲ್ಲ. ನಾನು ಹೆಚ್ಚಿನ ದಿನ ಪ್ರಶ್ನೆಯನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆಯೇ ಬರೆಯುತ್ತೇನೆ. ಬರೆದು ಉತ್ತರಿಸಬೇಕಾದ್ದಕ್ಕೆ, ಲೆಕ್ಕದ ಹಂತಗಳಿಗೆ ಇದು ಆಗುವುದಿಲ್ಲ. ಊಹಿಸಿ ಎತ್ತುವವರೂ ಇರುತ್ತಾರೆ, "ಯಾಕೆ ಬಿ?" ಎಂದು ಕೇಳಿದ ಮೇಲಷ್ಟೇ ಗೊತ್ತಾಗುವುದು.

ಖಾತೆಗೆ ಮಕ್ಕಳ ಹೆಸರು ಹಾಕಬೇಡಿ. ನಾನು ಹಾಜರಿ ಸಂಖ್ಯೆ ಮಾತ್ರ ಹಾಕಿದ್ದೇನೆ, ಯಾವ ಸಂಖ್ಯೆ ಯಾರದು ಎನ್ನುವುದು ನನ್ನ ನೋಟ್‌ಬುಕ್ಕಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಕಾನೂನು ಇರಲಿ ಬಿಡಲಿ, ಅಂಕಪಟ್ಟಿಯ ಆ ಫೋಟೊ ಆದಮೇಲೆ ನನಗೆ ಈ ವಿಷಯದಲ್ಲಿ ಹೆದರಿಕೆ ಇದೆ.

ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಬಗ್ಗೆಯೂ ಕೆಲವರು ಕೇಳುತ್ತಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡು ಹಿಡಿದರೆ ವಿಡಿಯೊ ಸಿಗುತ್ತದೆ, ಇಳಿಸಿಟ್ಟುಕೊಳ್ಳಲೂಬಹುದು. ಪಾಠಕ್ಕೆ ಸಿದ್ಧವಾಗಲು ನಾನು ನೋಡುತ್ತೇನೆ. ತರಗತಿಯಲ್ಲಿ ಹತ್ತು ನಿಮಿಷ ವಿಡಿಯೊ ಹಾಕಿ ಕೂತರೆ ಮಕ್ಕಳು ಸುಮ್ಮನಿರುತ್ತಾರೆ, ತಲೆಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದಿಲ್ಲ.

ಗಣಿತದ ಮೇಡಂಗೆ ಕಾರ್ಡಿನ ಒಂದು ಸೆಟ್ಟು ಕೊಟ್ಟು ಕಳಿಸಿದ್ದೇನೆ, ರಟ್ಟು ಅಂಟಿಸಿದ್ದೇ. ಮುಂದಿನ ವಾರ ನನ್ನ ತರಗತಿಯಲ್ಲಿ ಬೆಳಕಿನ ಪಾಠ. ಪೀನ ಮಸೂರದ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ಣ ಬಿಂಬ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರತಿವರ್ಷ ಕಾರ್ಡಿಗೆ ಹಾಕುತ್ತೇನೆ, ಪ್ರತಿವರ್ಷವೂ ಹೆಚ್ಚಿನವರು "ಅರ್ಧ ಬಿಂಬ" ಎಂದೇ ಎತ್ತುತ್ತಾರೆ. ಅದಕ್ಕೆ ಫೆಟ್ ತೆರೆಯುವುದಿಲ್ಲ. ಕಿಟಕಿ ಮುಚ್ಚಿಸಿ, ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ಮಸೂರ ಹಿಡಿದು, ಗೋಡೆಯ ಮೇಲೆ ತಲೆಕೆಳಗಾದ ಜ್ವಾಲೆ ಮೂಡಿದ ಮೇಲೆ ಒಬ್ಬರನ್ನು ಕರೆಯುತ್ತೇನೆ. ಅವರೇ ಕಪ್ಪು ಕಾಗದ ಹಿಡಿದು ಮಸೂರದ ಅರ್ಧ ಮುಚ್ಚಬೇಕು. ಗೋಡೆಯ ಮೇಲಿನ ಜ್ವಾಲೆ ಮಂಕಾಗುತ್ತದೆ, ಆದರೆ ಪೂರ್ತಿಯಾಗಿಯೇ ಇರುತ್ತದೆ.